ಸ್ಟಾರ್ ಹೋದ ಮಾರನೇ ವಾರದ ಲೆಕ್ಕ

ಬ್ರಾಡ್‌ವೇನಲ್ಲಿ, ಅಂದ್ರೆ ನ್ಯೂಯಾರ್ಕಿನ ದೊಡ್ಡ ನಾಟಕದ ಥಿಯೇಟರ್‌ಗಳಲ್ಲಿ, ಯಾವ ಶೋ ಎಷ್ಟು ದುಡೀತು ಅನ್ನೋದು ಗುಟ್ಟೇನಲ್ಲ, ಪ್ರೊಡ್ಯೂಸರ್‌ಗಳು, ಥಿಯೇಟರ್ ಮಾಲೀಕರು ಸೇರಿ ಮಾಡ್ಕೊಂಡಿರೋ ಬ್ರಾಡ್‌ವೇ ಲೀಗ್ ಅನ್ನೋ ಸಂಘದೋರೇ ವಾರಕ್ಕೊಂದ್ಸಲ ಪಟ್ಟಿ ಬಿಡ್ತಾರೆ, ಕಲೆಕ್ಷನ್ ಎಷ್ಟು, ಸೀಟು ಎಷ್ಟು ತುಂಬಿದ್ವು, ಟಿಕೆಟ್ಟಿನ ಸರಾಸರಿ ರೇಟು ಎಷ್ಟು ಅಂತ. ಹೊರಗಿನೋರು ಕಲೆಕ್ಷನ್ ನೋಡ್ತಾರೆ. ಈ ಟಿಕೆಟ್ ಲೆಕ್ಕದ ಕೆಲಸಕ್ಕೆ ಬಂದ ಹೊಸದರಲ್ಲಿ ನಾನು ಸೀಟು ನೋಡ್ತಿದ್ದೆ. ಈಗ ಮೊದಲು ಕಣ್ಣು ಹೋಗೋದು ಸರಾಸರಿ ರೇಟಿಗೆ, ಯಾಕಂದ್ರೆ ಸ್ಟಾರ್ ಬಂದಾಗ ನಿಜವಾಗ್ಲೂ ಅಲ್ಲಾಡೋದು ಅದೇ.

ಸ್ಟಾರ್ ಬಂದ್ರೆ ಹೌಸ್‌ಫುಲ್ ಅಂತ ನಾವೆಲ್ಲ ಅಂದ್ಕೊಳ್ತೀವಲ್ಲ, ಅದು ಅರ್ಧ ಸತ್ಯ. ಲೆಕ್ಕಕ್ಕೆ ಒಂದು ಥಿಯೇಟರ್ ಇಟ್ಕೊಳ್ಳಿ, 1,400 ಸೀಟಿಂದು. ವಾರಕ್ಕೆ 8 ಶೋ, ಅಂದ್ರೆ 11,200 ಟಿಕೆಟ್, ಅಷ್ಟೇ, ಸಾಕ್ಷಾತ್ ನಟರಾಜನೇ ಬಂದು ಕುಣಿದ್ರೂ ಅದಕ್ಕಿಂತ ಒಂದು ಹೆಚ್ಚಿಗೆ ಮಾರೋಕಾಗಲ್ಲ. ಸರಾಸರಿ 90 ಡಾಲರ್‌ನಂತೆ ಎಲ್ಲಾ ಹೋದ್ರೆ 10 ಲಕ್ಷ ಡಾಲರ್ ಚಿಲ್ಲರೆ. ವಾರದ ಖರ್ಚು, ಇಲ್ಲಿ ನಟ್ ಅಂತಾರೆ, ಬಾಡಿಗೆ, ನಟರ ಸಂಬಳ, ವಾದ್ಯದೋರು, ಸ್ಟೇಜ್ ಹಿಂದಿನೋರು, ಜಾಹೀರಾತು ಎಲ್ಲಾ ಸೇರಿ 8 ಲಕ್ಷ ಅಂತಿಟ್ಕೊಳ್ಳಿ. ಉಳಿಯೋದು 2 ಲಕ್ಷ. ಶೋ ಕಟ್ಟೋಕೆ ಒಂದೂವರೆ ಕೋಟಿ ಡಾಲರ್ ಸುರಿದಿದ್ರೆ ಅದು ವಾಪಸ್ ಬರೋಕೆ 75 ವಾರ ಬೇಕು, ಅದೂ ಒಂದು ಸೀಟೂ ಖಾಲಿ ಉಳೀಬಾರದು, ಐದರಲ್ಲೊಂದು ಸೀಟು ಖಾಲಿ ಹೊಡೀತು ಅಂದ್ರೆ ಬಂದದ್ದು ಖರ್ಚಿಗೇ ಸರಿಹೋಗಿ ಕೈಗೆ ಚಿಪ್ಪು. ಈಗ ಅದೇ ಸೀಟುಗಳು, ಒಬ್ಬ ಸ್ಟಾರ್ ಇದಾರೆ ಅಂತ, ಸರಾಸರಿ 180ಕ್ಕೆ ಹೋದ್ವು ಅನ್ನಿ. 20 ಲಕ್ಷ. ಸ್ಟಾರಿಗೆ ಕಲೆಕ್ಷನ್ನಿನಲ್ಲಿ ನೂರಕ್ಕೆ ಹತ್ತು ಕೊಟ್ರೂ 10 ಲಕ್ಷ ಉಳೀತು, 15 ವಾರದಲ್ಲಿ ಬಂಡವಾಳ ಕೈಗೆ ಬಂತು. ರಾಯಲ್ಟಿ ಗೀಯಲ್ಟಿ ಎಲ್ಲಾ ಬಿಟ್ಟು ಹೇಳ್ತಿದೀನಿ, ಓದೋರಲ್ಲಿ ಆಡಿಟರ್‌ಗಳಿದ್ರೆ ಬೈಬೇಡಿ.

ಈ ಎರಡರಷ್ಟು ರೇಟು ಮೊದಲೆಲ್ಲ ಪ್ರೊಡ್ಯೂಸರ್ ಜೇಬಿಗೆ ಬರ್ತಿರಲಿಲ್ಲ, ಬ್ಲ್ಯಾಕ್‌ನಲ್ಲಿ ಮಾರೋನ ಜೇಬಿಗೆ ಹೋಗ್ತಿತ್ತು. 2001ರಲ್ಲಿ 'ದ ಪ್ರೊಡ್ಯೂಸರ್ಸ್' ಶೋನೋರು ನೇಥನ್ ಲೇನ್ ಮತ್ತೆ ಮ್ಯಾಥ್ಯೂ ಬ್ರಾಡರಿಕ್ ಜೋಡಿ ಇದ್ದಾಗ ಒಳ್ಳೇ ಸೀಟುಗಳಿಗೆ ತಾವೇ 480 ಡಾಲರ್ ಅಂತ ಬೋರ್ಡ್ ಹಾಕಿದ್ರು. ಊರೆಲ್ಲಾ ಬಾಯಿ ಬಡ್ಕೊಂತು. ಈಗ ಪ್ರೀಮಿಯಂ ಟಿಕೆಟ್ ಇಲ್ಲದ ದೊಡ್ಡ ಶೋನೇ ಇಲ್ಲ, ಜೊತೆಗೆ ವಿಮಾನದ ಟಿಕೆಟ್ ಥರ ಬೇಡಿಕೆ ನೋಡಿ ರೇಟು ದಿನಾ ಮೇಲೆ ಕೆಳಗೆ ಮಾಡ್ತೀವಿ.

ರಿವೈವಲ್‌ಗೆ, ಅಂದ್ರೆ ಹಳೇ ನಾಟಕವನ್ನ ಹೊಸದಾಗಿ ಮತ್ತೆ ಆಡೋದಕ್ಕೆ, ಸ್ಟಾರ್ ಯಾಕೆ ಅಷ್ಟು ಬೇಕು ಅಂದ್ರೆ, ಹಳೇ ನಾಟಕಕ್ಕೆ ಹೆಸರಿರುತ್ತೆ ಆದ್ರೆ ಅವಸರ ಇರಲ್ಲ. ಹಾಡು ಎಲ್ರಿಗೂ ಬಾಯಿಪಾಠ, ಸಿನಿಮಾ ಆಗಿರುತ್ತೆ, ಮಗಳ ಸ್ಕೂಲಲ್ಲೂ ಆಡಿರ್ತಾರೆ, ಮುಂದಿನ ವರ್ಷ ನೋಡಿದ್ರಾಯ್ತು ಬಿಡು ಅಂತಾರೆ ಜನ. ಸ್ಟಾರ್ ಬಂದ್ರೆ ಅದಕ್ಕೊಂದು ಕೊನೇ ತಾರೀಖು ಬೀಳುತ್ತೆ. ಗಾಯಕಿ, ನಟಿ ಬೆಟ್ ಮಿಡ್ಲರ್ 'ಹಲೋ, ಡಾಲಿ!' ಮಾಡ್ತಾರೆ ಅಂತ 2016ರ ಸೆಪ್ಟೆಂಬರಲ್ಲಿ ಟಿಕೆಟ್ ಬಿಟ್ಟಾಗ ಮೊದಲ ದಿನವೇ 90 ಲಕ್ಷ ಡಾಲರ್ ದಾಟಿತ್ತು, ಶೋ ಶುರುವಾಗೋಕೆ ಇನ್ನೂ ಅರ್ಧ ವರ್ಷ ಇತ್ತು ಮಾರಾಯ್ರೆ. 'ದ ಮ್ಯೂಸಿಕ್ ಮ್ಯಾನ್'ಗೆ ಹ್ಯೂ ಜ್ಯಾಕ್‌ಮನ್ ಇದ್ದಾಗ 2022ರಲ್ಲಿ ವಾರಕ್ಕೆ 30 ಲಕ್ಷ ಡಾಲರ್ ದಾಟ್ತಿತ್ತು, ಅವರ ಕಾಂಟ್ರ್ಯಾಕ್ಟ್ ಮುಗೀತಿದ್ದಂಗೆ 2023ರ ಜನವರಿಯಲ್ಲಿ ಶೋಗೇ ಪರದೆ ಎಳೆದ್ರು, ಬೇರೆಯವರನ್ನ ಹಾಕಿ ಎಳೆದಾಡೋ ಗೋಜಿಗೇ ಹೋಗ್ಲಿಲ್ಲ. ಅದು ಸೋಲು ಅಂತ ನಂಗನ್ನಿಸಲ್ಲ.

'ಫನ್ನಿ ಗರ್ಲ್' ಕಥೆ ಮಾತ್ರ ನಮ್ಮ ಕೆಲಸದೋರಿಗೆ ಲ್ಯಾಬ್ ಇದ್ದಂಗೆ. 1964ರಲ್ಲಿ ಬಾರ್ಬ್ರಾ ಸ್ಟ್ರೈಸಂಡ್ ಮಾಡಿದ ಪಾತ್ರ ಅದು, ಆಮೇಲೆ 58 ವರ್ಷ ಬ್ರಾಡ್‌ವೇನಲ್ಲಿ ಅದನ್ನ ಮತ್ತೆ ಎತ್ತೋಕೆ ಯಾರಿಗೂ ಆಗಿರಲಿಲ್ಲ. 2022ರ ಏಪ್ರಿಲಲ್ಲಿ ಬೀನಿ ಫೆಲ್ಡ್‌ಸ್ಟೀನ್ ಜೊತೆ ಓಪನ್ ಆಯ್ತು. ಸಿನಿಮಾದಲ್ಲಿ ಹೆಸರಿದ್ದ ಹುಡುಗಿ, ಮೊದಮೊದಲು ಟಿಕೆಟ್ ಚೆನ್ನಾಗೇ ಹೋಯ್ತು, ಆದ್ರೆ ಆ ಹಾಡುಗಳಿಗೆ ದನಿ ಸಾಲದು ಅಂತ ರಿವ್ಯೂಗಳು ಬಂದ್ವು, ಬ್ರಾಡ್‌ವೇನ ದೊಡ್ಡ ಪ್ರಶಸ್ತಿ ಟೋನಿಗೆ ನಾಮಿನೇಶನ್ ಇಡೀ ಶೋಗೆ ಒಂದೇ ಒಂದು, ಅದೂ ಆಕೆಗಲ್ಲ. ಕಲೆಕ್ಷನ್ ಜಾರ್ತಾ ಹೋಯ್ತು. ಜುಲೈ 31ಕ್ಕೆ ಆಕೆ ಬಿಟ್ರು, ಆಗಸ್ಟ್ ಇಡೀ ತಿಂಗಳು ಅಂಡರ್‌ಸ್ಟಡಿ, ಅಂದ್ರೆ ನಾಯಕಿ ಬರದಿದ್ದಾಗ ಆ ಪಾತ್ರ ಮಾಡೋಕೆ ಕಲಿತು ರೆಡಿ ಇರೋ ನಟಿ, ಜೂಲಿ ಬೆಂಕೋ ಹೊತ್ಕೊಂಡ್ರು, ತುಂಬಾ ಚೆನ್ನಾಗಿ ಹಾಡ್ತಿದ್ರು ಅಂತ ನೋಡ್ದೋರೆಲ್ಲಾ ಹೇಳ್ತಿದ್ರು, ಆದ್ರೂ ವಾರದ ಕಲೆಕ್ಷನ್ 10 ಲಕ್ಷ ಡಾಲರಿನ ಕೆಳಗೇ. ಸೆಪ್ಟೆಂಬರ್ 6ಕ್ಕೆ ಲಿಯಾ ಮಿಶೆಲ್ ಬಂದ್ರು. ಅದೇ ಥಿಯೇಟರ್, ಅದೇ ಸೆಟ್ಟು, ಅದೇ ನಿರ್ದೇಶನ, ಮುಖ್ಯವಾಗಿ ಬದಲಾಗಿದ್ದು ನಾಯಕಿ. ವರ್ಷದ ಕೊನೆ ಹೊತ್ತಿಗೆ ವಾರಕ್ಕೆ 20 ಲಕ್ಷ ದಾಟ್ತು.

ಇದನ್ನ ನೋಡಿ ಕೆಲವರು ದೊಡ್ಡ ಹೆಸರು ಹಾಕಿದ್ರೆ ಆಯ್ತು ಅಂತ ತೀರ್ಮಾನ ಮಾಡಿದ್ರು. ನಂಗೆ ಹಂಗನ್ನಿಸಲ್ಲ. ಲಿಯಾ ಮಿಶೆಲ್ ಹಾಲಿವುಡ್ಡಿನ ದೊಡ್ಡ ಸ್ಟಾರ್ ಏನಲ್ಲ. 'ಗ್ಲೀ' ಅನ್ನೋ ಟಿವಿ ಸೀರಿಯಲ್ಲಿನಲ್ಲಿ ಅವರ ಪಾತ್ರದ ಕನಸೇ ಈ ನಾಟಕದಲ್ಲಿ ನಾಯಕಿ ಆಗೋದು, ಸೀರಿಯಲ್ಲಿನಲ್ಲಿ ಆಗೂ ಆಗ್ತಾಳೆ. ಅಂದ್ರೆ ಆ ಸೀರಿಯಲ್ ನೋಡಿ ಬೆಳೆದ ಹುಡುಗೀರು ಹತ್ತು ವರ್ಷದಿಂದ ಈ ಟಿಕೆಟ್ಟಿಗೇ ಕಾದಿದ್ರು ಅಂತ ಲೆಕ್ಕ. ಹೆಸರಿಗೂ ಪಾತ್ರಕ್ಕೂ ಜಾತಕ ಕೂಡಿ ಬಂದಿತ್ತು.

ಇನ್ನೊಂದು, ನಾಟಕದೋರ ಸ್ಟಾರ್ ಬೇರೆ, ಟೂರಿಸ್ಟರ ಸ್ಟಾರ್ ಬೇರೆ. ಆಡ್ರಾ ಮೆಕ್‌ಡೊನಾಲ್ಡ್‌ಗೆ 6 ಟೋನಿ ಇದೆ, ನಟನೆಗೆ ಅಷ್ಟು ತಗೊಂಡೋರು ಬೇರೆ ಯಾರೂ ಇಲ್ಲ. ಅವರ 'ಜಿಪ್ಸಿ' 2025ರ ಅಕ್ಟೋಬರ್ ತನಕ ಓಡಬೇಕಿತ್ತು, ಆಗಸ್ಟ್ 17ಕ್ಕೇ ನಿಂತೋಯ್ತು. ಅದೇ 'ಶಿಕಾಗೋ' ನೋಡಿ, 1996ರಿಂದ ಓಡ್ತಿರೋ ರಿವೈವಲ್ಲು, ಪಮೇಲಾ ಆಂಡರ್ಸನ್ ಬಂದ್ರು, ಗಾಯಕ ಅಶರ್ ಬಂದ್ರು, 2024ರಲ್ಲಿ ರಿಯಾಲಿಟಿ ಶೋ ಹುಡುಗಿ ಅರಿಯಾನಾ ಮ್ಯಾಡಿಕ್ಸ್ ಬಂದಾಗ ಮಲಗಿದ್ದ ಕಲೆಕ್ಷನ್ ಎದ್ದು ಕೂತಿತು. ಹೆಸರು ನೋಡಿ ಜನ ಬರ್ಲಿ ಅಂತಷ್ಟೇ ಪಾತ್ರ ಕೊಡೋ ಸ್ಟಂಟ್ ಕಾಸ್ಟಿಂಗ್ ಇದು ಅಂತ ಮೂಗು ಮುರೀತಾರೆ ದೊಡ್ಡ ಮನುಷ್ಯರು. ಮುರೀಲಿ ಬಿಡಿ. ಆ ಶೋನ ಬುದ್ಧಿವಂತಿಕೆ ಇರೋದು ಬೇರೆ ಕಡೆ, ಸೆಟ್ಟೇ ಇಲ್ಲ ಅನ್ನಬಹುದು, ವಾದ್ಯದೋರು ಸ್ಟೇಜ್ ಮೇಲೇ ಕೂತಿರ್ತಾರೆ, ಎಲ್ರಿಗೂ ಕಪ್ಪು ಬಟ್ಟೆ, ನಟ್ ಚಿಕ್ಕದು. ಸ್ಟಾರ್ ಇಲ್ಲದ ವಾರಾನೂ ತಡ್ಕೊಳ್ಳೋ ಶಕ್ತಿ ಅದಕ್ಕಿದೆ, ಸ್ಟಾರ್ ಬಂದ ವಾರ ಹಬ್ಬ.

'ಕ್ಯಾಬರೆ' ಮಾಡಿದ್ದು ಇದರ ಉಲ್ಟಾ. ಥಿಯೇಟರಿನ ಒಳಗನ್ನೇ ಒಡೆದು ಕ್ಲಬ್ ಥರ ಕಟ್ಟಿದ್ರು, 2024ರಲ್ಲಿ ಎಡ್ಡಿ ರೆಡ್‌ಮೇನ್ ಜೊತೆ ಶುರುವಾಯ್ತು, ಬಂಡವಾಳ 2 ಕೋಟಿ 60 ಲಕ್ಷ ಡಾಲರ್. ಅವರು ಹೋದ್ಮೇಲೆ ಆಡಮ್ ಲ್ಯಾಂಬರ್ಟ್, ಆಮೇಲೆ ಓರ್ವಿಲ್ ಪೆಕ್, ಆಮೇಲೆ ಬಿಲ್ಲಿ ಪೋರ್ಟರ್. ಒಬ್ಬರಾದ್ಮೇಲೆ ಒಬ್ಬರು ಹೆಸರಿರೋರೇ. ಬಿಲ್ಲಿ ಪೋರ್ಟರ್ ಹುಷಾರು ತಪ್ಪಿದ್ರು, 2025ರ ಸೆಪ್ಟೆಂಬರಲ್ಲಿ ಶೋ ನಿಂತಿತು, ಹಾಕಿದ ದುಡ್ಡು ವಾಪಸ್ ಬರಲಿಲ್ಲ. ಖರ್ಚು ಅಷ್ಟು ದೊಡ್ಡದಿದ್ರೆ ಪ್ರತಿ ಸ್ಟಾರೂ ಮೊದಲನೇ ಸ್ಟಾರಿನಷ್ಟೇ ಎಳೀಬೇಕಾಗುತ್ತೆ, ಎರಡನೇ ಮದುವೆಗೆ ಊರೆಲ್ಲಾ ಬರಲ್ಲ.

ಕಾಯಿಲೆ ವಿಷಯ ಬಂತಲ್ಲ, ಸಿನಿಮಾಕ್ಕೂ ನಾಟಕಕ್ಕೂ ಇರೋ ದೊಡ್ಡ ವ್ಯತ್ಯಾಸ ಇದು. ನಮ್ಮೂರಲ್ಲಿ ಫಸ್ಟ್ ಡೇ ಫಸ್ಟ್ ಶೋಗೆ ನುಗ್ಗೋರಿಗೆ ಪರದೆ ಮೇಲಿನ ಹೀರೋಗೆ ಗಂಟಲು ಕಟ್ಟುತ್ತೆ ಅನ್ನೋ ಭಯ ಇಲ್ಲ. ಇಲ್ಲಿ ಒಂದೇ ಗಂಟಲು, ವಾರಕ್ಕೆ 8 ಸಲ. ಹಾಸನದಿಂದ ನನ್ನ ಬಾಮೈದ ಫೋನ್ ಮಾಡಿ, "ಭಾವ, ಇನ್ನೂರು ಡಾಲರ್ ಕೊಟ್ಟು ತಗೊಂಡ್ಮೇಲೆ ಆ ಸ್ಟಾರೇ ಬರ್ದಿದ್ರೆ?" ಅಂದ. ಪೋಸ್ಟರ್ ನೋಡಪ್ಪಾ ಅಂದೆ. ನಾಟಕದ ಹೆಸರಿಗಿಂತ ಮೇಲೆ ಅವರ ಹೆಸರಿದ್ರೆ, ಅವರು ಬರ್ದೇ ಇದ್ದ ದಿನ ಸಾಮಾನ್ಯವಾಗಿ ದುಡ್ಡು ವಾಪಸ್ ಕೇಳಬಹುದು ಇಲ್ಲಾ ಬೇರೆ ದಿನಕ್ಕೆ ಬದಲಾಯಿಸ್ಕೋಬಹುದು. ಹೆಸರು ಕೆಳಗಿದ್ರೆ ಸುಮ್ನೆ ಒಳಗೆ ಹೋಗಿ ಕೂತ್ಕೋಬೇಕು. ಆ ಹೆಸರು ಮೇಲಿರ್ಬೇಕಾ ಕೆಳಗಾ ಅಂತ ಏಜೆಂಟ್‌ಗಳು ಜಗಳ ಆಡೋದು ಬರೀ ಅಹಂಕಾರಕ್ಕಲ್ಲ, ನಮ್ಮ ಕೌಂಟರಿಗೂ ಅದರ ಬಿಸಿ ತಟ್ಟುತ್ತೆ. ಒಂದು ಬುಧವಾರ ಮ್ಯಾಟಿನೀಗೆ, ಯಾವ ಶೋ ಅಂತ ಬೇಡ, ಬೆಳಿಗ್ಗೆ ಹತ್ತಕ್ಕೆ ಸ್ಟಾರಿಗೆ ದನಿ ಇಲ್ಲ ಅಂತ ಮೆಸೇಜ್ ಬಂತು, ಬಾಗಿಲಲ್ಲಿ ಚೀಟಿ ಅಂಟಿಸೋ ಮೊದಲೇ ಸುದ್ದಿ ಫೋನಲ್ಲಿ ಹರಡಿ ಕ್ಯೂ ಮೂಲೆ ತಿರುಗಿತ್ತು. ಒಳಗೆ ಉಳ್ಕೊಂಡೋರು ಅಂಡರ್‌ಸ್ಟಡಿಗೆ ಎದ್ದು ನಿಂತು ಚಪ್ಪಾಳೆ ಹೊಡೆದ್ರು, ನಾನು ಕೆಳಗೆ ಕೂತು ರೀಫಂಡ್ ಎಣಿಸ್ತಿದ್ದೆ.

ಅದಕ್ಕೇ ಈಗ ಸುಮಾರು ಶೋಗಳು ಮೊದಲೇ ಹೇಳಿಬಿಡ್ತಾವೆ, ವಾರದಲ್ಲಿ ಇಂಥಾ ದಿನ ಸ್ಟಾರ್ ಇರಲ್ಲ, ಬೇರೆಯವರು ಮಾಡ್ತಾರೆ ಅಂತ. 'ಫನ್ನಿ ಗರ್ಲ್'ನಲ್ಲಿ ಗುರುವಾರ ಜೂಲಿ ಬೆಂಕೋಗೆ, 'ಹಲೋ, ಡಾಲಿ!'ಲಿ ಮಂಗಳವಾರ ಡಾನಾ ಮರ್ಫಿಗೆ. ಸ್ಟಾರಿನ ಗಂಟಲಿಗೂ ರೆಸ್ಟು, ಕೌಂಟರಲ್ಲಿ ಜಗಳವೂ ಇಲ್ಲ, ಕಮ್ಮಿ ದುಡ್ಡಿನೋರಿಗೂ ಒಂದು ದಾರಿ. ನಾನು 'ಡಾಲಿ' ನೋಡಿದ್ದು ಮಂಗಳವಾರವೇ. ಡಾನಾ ಮರ್ಫಿಗೂ 2 ಟೋನಿ ಇದೆ, ಮುಂದಿನ ಸಾಲಿನ ಹತ್ರದ ಸೀಟು ಸಿಕ್ಕಿತ್ತು, ಉಳಿದ ದುಡ್ಡಲ್ಲಿ ಹೆಂಡ್ತಿ ಮಕ್ಕಳಿಗೂ ಟಿಕೆಟ್ ಆಯ್ತು.