ಬಯೋ ಟಾಯ್ಲೆಟ್: ಬೋಗಿಯ ಕೆಳಗಿನ ಆ ಸ್ಟೀಲ್ ಟ್ಯಾಂಕ್ ಏನು?

ಕುರ್ಲಾ ಟರ್ಮಿನಸ್‌ನಲ್ಲಿ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಹತ್ತಿ ಊರಿಗೆ ಹೊರಡುವವರು ಒಮ್ಮೆ ಬೋಗಿಯ ತುದಿಯಲ್ಲಿ ಬಗ್ಗಿ ನೋಡಿ. ಟಾಯ್ಲೆಟ್‌ನ ಕೆಳಗೆ ಒಂದು ಸ್ಟೀಲ್ ಟ್ಯಾಂಕ್ ಕಾಣುತ್ತದೆ. ಬಯೋ ಟಾಯ್ಲೆಟ್‌ನ ಮುಖ್ಯ ಕೆಲಸ ನಡೆಯುವುದು ಅಲ್ಲೇ.

ಅದು ಸುಮ್ನೆ ಮಲ ತುಂಬಿಡುವ ತೊಟ್ಟಿ ಅಲ್ಲ. ಒಳಗೆ ಗಾಳಿ ಬೇಡದೆ ಬದುಕುವ ಬ್ಯಾಕ್ಟೀರಿಯಾಗಳನ್ನು ಬಿಟ್ಟಿರುತ್ತಾರೆ. ಊರಿನ ಗೋಬರ್ ಗ್ಯಾಸ್ ಗುಂಡಿಯಲ್ಲಿ ಸಗಣಿಗೆ ಆಗುವುದೇ ಇಲ್ಲೂ ಆಗುತ್ತದೆ. ಟ್ಯಾಂಕಿನೊಳಗೆ ಅಡ್ಡ ಗೋಡೆಗಳಿವೆ. ಮಲ ಒಂದು ಖಾನೆಯಿಂದ ಮುಂದಿನದಕ್ಕೆ ನಿಧಾನವಾಗಿ ಸಾಗುತ್ತಾ ಕರಗುತ್ತದೆ. ಉಳಿಯುವುದು ಹೆಚ್ಚಾಗಿ ಮೀಥೇನ್, ಕಾರ್ಬನ್ ಡೈಆಕ್ಸೈಡ್ ಮತ್ತು ನೀರು. ಗ್ಯಾಸ್ ಗಾಳಿಗೆ ಸೇರುತ್ತದೆ. ನೀರನ್ನು ಕ್ಲೋರಿನ್ ತಾಗಿಸಿ ಹೊರಗೆ ಬಿಡುತ್ತಾರೆ. ಹಾಗಾಗಿ ಟ್ಯಾಂಕಿನಿಂದ ನೀರು ತೊಟ್ಟಿಕ್ಕಿದರೆ ಅದು ಸೋರಿಕೆಯೇ ಆಗಬೇಕಿಲ್ಲ, ಅದರ ವ್ಯವಸ್ಥೆಯೇ ಹಾಗೆ.

ಈ ಬ್ಯಾಕ್ಟೀರಿಯಾದ ಕಥೆ ಶುರುವಾಗಿದ್ದು ರೈಲಿನಲ್ಲಲ್ಲ, ಹಿಮದಲ್ಲಿ. ಸಿಯಾಚಿನ್‌ನಂಥ ಕಡೆ ಮಲ ಕೊಳೆಯುವುದೇ ಇಲ್ಲ, ಹಾಗೇ ಹೆಪ್ಪುಗಟ್ಟಿ ಕೂರುತ್ತದೆ. ಅಲ್ಲಿನ ಸೈನಿಕರಿಗಾಗಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಗ್ವಾಲಿಯರ್ ಪ್ರಯೋಗಾಲಯ ಚಳಿಯಲ್ಲೂ ಕೆಲಸ ಮಾಡುವ ಬ್ಯಾಕ್ಟೀರಿಯಾ ಬೆಳೆಸಿತು. ರೈಲ್ವೆ ಅದನ್ನು ಬೋಗಿಗೆ ತಂದಿತು. 2011ರಲ್ಲಿ ಬುಂದೇಲ್‌ಖಂಡ್ ಎಕ್ಸ್‌ಪ್ರೆಸ್‌ನಿಂದ ಆರಂಭ.

ಅದಕ್ಕೂ ಮೊದಲು? ಪೈಪು ನೇರ ಹಳಿಗೆ. ‘ರೈಲು ನಿಂತಾಗ ಬಳಸಬೇಡಿ’ ಎಂಬ ಬೋರ್ಡ್ ನೆನಪಿದೆ ಅಲ್ವಾ? ನಿಲ್ದಾಣವೇನೋ ಚೊಕ್ಕ ಇರುತ್ತಿತ್ತು, ಹೊಲಸೆಲ್ಲ ಮುಂದಿನ ಹಳಿಯ ಪಾಲು. ಅದರಿಂದ ಹಳಿಯೂ ಅದನ್ನು ಹಿಡಿದಿಡುವ ಕ್ಲಿಪ್ಪುಗಳೂ ತುಕ್ಕು ಹಿಡಿಯುತ್ತಿದ್ದವು. ಆದರೆ ನನ್ನ ಮಟ್ಟಿಗೆ ತುಕ್ಕಿಗಿಂತ ದೊಡ್ಡ ವಿಷಯ ಗ್ಯಾಂಗ್‌ಮ್ಯಾನ್‌ಗಳದ್ದು. ಕೊಂಕಣ ರೈಲ್ವೆಯ ಕರಬುಡೆ ಸುರಂಗ ಸುಮಾರು 6.5 ಕಿ.ಮೀ. ಉದ್ದ. ಅದರೊಳಗೆ ಹಳಿ ಪರೀಕ್ಷಿಸುತ್ತಾ ನಡೆಯುವವರು ಏನೇನು ತುಳಿಯಬೇಕಿತ್ತು ಎಂದು ಟಿಕೆಟ್ ತೆಗೆದುಕೊಂಡ ನಾವು ಯೋಚಿಸಿದ್ದು ಕಡಿಮೆ. (ಮುಂಬೈ ಲೋಕಲ್‌ನದ್ದು ಈ ಲೆಕ್ಕದಲ್ಲಿ ಬರುವುದಿಲ್ಲ. ಅದರಲ್ಲಿ ಟಾಯ್ಲೆಟ್ಟೇ ಇಲ್ಲ!)

ಈ ಬ್ಯಾಕ್ಟೀರಿಯಾಗೆ ಮಲ ಜೀರ್ಣವಾಗುತ್ತದೆ, ಪ್ಲಾಸ್ಟಿಕ್ ಆಗುವುದಿಲ್ಲ. ನೀರಿನ ಬಾಟಲಿ, ಗುಟ್ಕಾ ಚೀಟಿ, ಡೈಪರ್, ಸ್ಯಾನಿಟರಿ ಪ್ಯಾಡ್ ಹಾಕಿದರೆ ಪೈಪಿನ ಬಾಗಿನಲ್ಲೇ ಸಿಕ್ಕಿಕೊಳ್ಳುತ್ತವೆ. ಹಿಂದೆ ಇವೆಲ್ಲ ಹಳಿಗೆ ಬಿದ್ದು ಕಣ್ಮರೆಯಾಗುತ್ತಿದ್ದವು. ಈಗ ಪೂರ್ತಿ ಬೋಗಿ ನಾರುತ್ತದೆ, ಡಿಪೋದಲ್ಲಿ ಯಾರಾದರೂ ಅದನ್ನು ತೆಗೆಯಬೇಕು. ಟಾಯ್ಲೆಟ್ ಒಳಗೆ ಕಸದ ಡಬ್ಬಿ ಇಟ್ಟಿರುವುದು ಅದಕ್ಕೇ. ಆಸಿಡ್ ಸುರಿದು ತೊಳೆದರೂ ಕಷ್ಟ, ಬ್ಯಾಕ್ಟೀರಿಯಾ ಸಾಯುತ್ತವೆ.

ಮುಂಬೈ–ಮಡಗಾಂವ್ ವಂದೇ ಭಾರತ್‌ನಲ್ಲಿ ಗುಂಡಿ ಒತ್ತಿದರೆ ‘ಭುಸ್ಸ್’ ಎಂದು ಎಳೆದುಕೊಳ್ಳುತ್ತದಲ್ಲ, ಅದು ಬಯೋ ವ್ಯಾಕ್ಯೂಮ್ ಟಾಯ್ಲೆಟ್. ಟ್ಯಾಂಕ್ ಅದೇ ತತ್ವದ್ದು. ಆದರೆ ಮಲವನ್ನು ನೀರಿನ ಬದಲು ಗಾಳಿಯ ಒತ್ತಡವೇ ಎಳೆಯುತ್ತದೆ, ಹಾಗಾಗಿ ಒಂದು ಸಲಕ್ಕೆ ಸುಮಾರು ಅರ್ಧ ಲೀಟರ್ ನೀರು ಸಾಕು. ಬೋಗಿಯ ನೀರಿನ ಟ್ಯಾಂಕಿಗೆ ದಾರಿಯಲ್ಲಿ ನೀರು ತುಂಬಿಸುವ ನಿಲ್ದಾಣಗಳೇ ಕಡಿಮೆ ಇರುವಾಗ ಇದು ಸಣ್ಣ ಉಳಿತಾಯವೇನಲ್ಲ.