ಜ್ವರ ಡಿಸ್ಟ್ರಿಬ್ಯೂಟರಿಗೆ, ಬರೆ ಕಾರ್ಬೊರೇಟರಿಗೆ

ಹಳೆ ಕಾರು ಇಟ್ಟುಕೊಂಡವರ ಕೈಗೆ ಸ್ಕ್ರೂಡ್ರೈವರ್ ಸಿಕ್ಕರೆ ಅದು ಸೀದಾ ಹೋಗುವುದು ಕಾರ್ಬೊರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಭಾಗ) ಹತ್ತಿರಕ್ಕೇ. ಐಡ್ಲಿಂಗ್ (ಗಾಡಿ ನಿಂತಾಗ ಇಂಜಿನ್ ಓಡುವುದು) ಸ್ಥಿರವಾಗಿಲ್ಲವೇ, ಸ್ಕ್ರೂ ತಿರುಗಿಸು. ಪಿಕಪ್ ಇಲ್ಲವೇ, ಸ್ಕ್ರೂ ತಿರುಗಿಸು. ಪ್ಲಗ್ ಕಪ್ಪಾಗಿದೆಯೇ, ಇನ್ನೊಂದು ಕಾಲು ಸುತ್ತು. ಆ ಸ್ಕ್ರೂ ಹೊರಗೆ ಕಾಣುತ್ತದೆ, ಕೈಗೆ ಸಿಗುತ್ತದೆ, ತಿರುಗಿಸಿದರೆ ಇಂಜಿನ್ ಸದ್ದೂ ಬದಲಾಗುತ್ತದೆ. ಅಷ್ಟು ಸಾಕು ಜನರಿಗೆ. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು ನೋಡಿದಿರಾ ಅಂತ ಕೇಳಿದರೆ ಮಾತ್ರ ಸುಮ್ನೆ ನನ್ನ ಮುಖ ನೋಡುತ್ತಾರೆ.

ನನ್ನ ಹತ್ತಿರ "ಕಾರ್ಬೊರೇಟರ್ ಹೋಗಿದೆ" ಅಂತ ಬರುವ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಇಗ್ನಿಷನ್ ತೊಂದರೆಯೇ ಇರುತ್ತದೆ. ಎಲ್ಲವಕ್ಕೂ ಅಂತ ಹೇಳುವುದಿಲ್ಲ. ಫ್ಲೋಟ್ ತೂತಾಗುವುದು, ಪೆಟ್ರೋಲ್ ಹಾಯುವ ಜೆಟ್ಟಿನಲ್ಲಿ ಕಸ ಕೂರುವುದು, ಥ್ರಾಟಲ್ ಸ್ಪಿಂಡಲ್ ಸವೆದು ಗಾಳಿ ಎಳೆಯುವುದು, ಇವೂ ಉಂಟು. ಆದರೆ ಕಿಡಿ ಸರಿಯಾದ ಹೊತ್ತಿಗೆ ಬೀಳುತ್ತಿದೆ ಅಂತ ಖಾತ್ರಿಯಾಗುವ ತನಕ ಅವನ್ನು ಹುಡುಕಿ ಪ್ರಯೋಜನವಿಲ್ಲ.

ಯಾಕೆ ಅಂತ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟ್ ಅನ್ನುವ ಸ್ವಿಚ್ಚು ತೆರೆದುಕೊಂಡಾಗ ಕಿಡಿ ಬೀಳುತ್ತದೆ, ಅದನ್ನು ತೆರೆಯುವುದು ತಿರುಗುವ ಕ್ಯಾಮ್. ಪಾಯಿಂಟ್ ಸೆಟ್ಟಿನಲ್ಲಿ ಕ್ಯಾಮ್‌ಗೆ ತಾಗಿಕೊಂಡಿರುವ ಒಂದು ಫೈಬರ್ ತುಂಡು ಇರುತ್ತದೆ. ಗ್ರೀಸ್ ಒಣಗಿದರೆ ಅದು ಬೇಗ ಸವೆಯುತ್ತದೆ. ಅದು ಸವೆದಷ್ಟೂ ಪಾಯಿಂಟ್ ಗ್ಯಾಪ್ (ತೆರೆದಾಗಿನ ಸಂದು) ಕಮ್ಮಿಯಾಗುತ್ತದೆ. ಗ್ಯಾಪ್ ಕಮ್ಮಿಯಾದರೆ ಪಾಯಿಂಟ್ ತಡವಾಗಿ ತೆರೆದುಕೊಳ್ಳುತ್ತದೆ, ಕಿಡಿಯೂ ತಡವಾಗುತ್ತದೆ. ಡಿಸ್ಟ್ರಿಬ್ಯೂಟರನ್ನು ಯಾರೂ ಮುಟ್ಟಿಲ್ಲ, ಆದರೂ ಟೈಮಿಂಗ್ (ಕಿಡಿ ಬೀಳುವ ಹೊತ್ತು) ರಿಟಾರ್ಡ್ ಆಗಿಬಿಟ್ಟಿದೆ.

ಆಗ ಐಡ್ಲಿಂಗ್ ಇಳಿಯುತ್ತದೆ. ಮಾಲೀಕರು ಐಡ್ಲ್ ಸ್ಪೀಡ್ ಸ್ಕ್ರೂ ಬಿಗಿ ಮಾಡುತ್ತಾರೆ. ಇದರಿಂದ ಥ್ರಾಟಲ್ ಪ್ಲೇಟ್ (ಕಾರ್ಬೊರೇಟರಿನ ಗಾಳಿ ದಾರಿಯ ಬಾಗಿಲು) ಇರಬೇಕಾದ್ದಕ್ಕಿಂತ ಜಾಸ್ತಿ ತೆರೆದುಕೊಳ್ಳುತ್ತದೆ. ಸೋಲೆಕ್ಸ್, ವೆಬರ್‌ನಂಥ ಕಾರ್ಬೊರೇಟರ್‌ಗಳಲ್ಲಿ ಪ್ಲೇಟಿನ ಅಂಚಿನ ಹತ್ತಿರ ಸಣ್ಣ ಸಣ್ಣ ತೂತುಗಳಿರುತ್ತವೆ. ಆ್ಯಕ್ಸಿಲರೇಟರ್ ಒತ್ತಿದಾಗ ಮಾತ್ರ ಅವು ಪೆಟ್ರೋಲ್ ಕೊಡಬೇಕು. ಪ್ಲೇಟ್ ತೆರೆದೇ ನಿಂತರೆ ಐಡ್ಲಿಂಗಿನಲ್ಲೂ ಅವುಗಳಿಂದ ಪೆಟ್ರೋಲ್ ಬರುತ್ತಿರುತ್ತದೆ. ಇನ್ನು ಐಡ್ಲಿಂಗಿನ ಪೆಟ್ರೋಲ್ ಹದ ಮಾಡುವ ಮಿಕ್ಸ್ಚರ್ ಸ್ಕ್ರೂ ಮಾತು ಇಂಜಿನ್ ಕೇಳುವುದಿಲ್ಲ. "ಎಷ್ಟು ತಿರುಗಿಸಿದರೂ ಏನೂ ಆಗ್ತಿಲ್ಲ ಸರ್" ಅಂತ ಫೋನ್ ಬರುವುದು ಆಗಲೇ.

ಇಷ್ಟಕ್ಕೇ ಮುಗಿಯುವುದಿಲ್ಲ. ಎಷ್ಟೋ ಕಾರುಗಳಲ್ಲಿ ವ್ಯಾಕ್ಯೂಮ್ ಅಡ್ವಾನ್ಸಿನ (ಇಂಜಿನ್ನಿನ ಎಳೆತದಿಂದ ಕಿಡಿಯನ್ನು ಮುಂಚೆ ತರುವ ಏರ್ಪಾಡಿನ) ಪೈಪ್ ಸೇರುವ ತೂತೂ ಅಲ್ಲೇ, ಪ್ಲೇಟಿನ ಅಂಚಿಗೇ ಇರುತ್ತದೆ. ಅದೂ ತೆರೆದುಕೊಂಡರೆ ಐಡ್ಲಿಂಗಿನಲ್ಲೇ ಅಡ್ವಾನ್ಸ್ ಸಿಗುತ್ತದೆ. ಇಂಜಿನ್ ನಿಂತಲ್ಲಿ ನುಣ್ಣಗೆ ಓಡುತ್ತದೆ. "ಟ್ಯೂನಿಂಗ್ ಆಯ್ತು" ಅಂತ ಬಾನೆಟ್ ಮುಚ್ಚುತ್ತಾರೆ. ರಸ್ತೆಗೆ ಇಳಿದರೆ ಗಾಡಿ ಎಳೆಯುವುದಿಲ್ಲ, ಏರಿನಲ್ಲಿ ಬಿಸಿಯಾಗುತ್ತದೆ. ಮುಂದಿನ ವಾರ ದೊಡ್ಡ ಜೆಟ್ ತರಿಸುತ್ತಾರೆ!

ಒಬ್ಬರು ಹಿರಿಯರು ಒಂದು ನೋಟ್‌ಬುಕ್ ಸಮೇತ ಬಂದಿದ್ದರು. ಯಾವ ದಿನ ಸ್ಕ್ರೂ ಎಷ್ಟು ಸುತ್ತು, ಆ ದಿನ ಗಾಡಿ ಹೇಗಿತ್ತು, ಎಲ್ಲ ಮುದ್ದಾದ ಅಕ್ಷರದಲ್ಲಿ ಬರೆದಿದ್ದರು. "ಒಂದೂವರೆ ಸುತ್ತು, ಪರವಾಗಿಲ್ಲ. ಒಂದೂಮುಕ್ಕಾಲು, ಬೇಸರ." ಅಷ್ಟು ಶ್ರದ್ಧೆಯ ಮನುಷ್ಯರಿಗೆ ಬೈಯುವುದಾದರೂ ಹೇಗೆ? ಪಾಯಿಂಟ್ ನೋಡಿದರೆ ಗ್ಯಾಪೇ ಇಲ್ಲ, ಕೂದಲು ತೂರಿಸಬಹುದಿತ್ತು ಅಷ್ಟೆ. ಹೊಸ ಪಾಯಿಂಟ್ ಹಾಕಿ, ಟೈಮಿಂಗ್ ಇಟ್ಟು, ಅವರು ಬಿಗಿ ಮಾಡಿದ್ದ ಐಡ್ಲ್ ಸ್ಕ್ರೂವನ್ನು ವಾಪಸ್ ಬಿಟ್ಟೆ. "ಕಾರ್ಬೊರೇಟರ್ ಬಿಚ್ಚಲೇ ಇಲ್ವಲ್ಲ ಸರ್" ಅಂದರು, ಸ್ವಲ್ಪ ನಿರಾಸೆಯಿಂದಲೇ.

ಹಾಗಾಗಿ ಮೊದಲು ಟ್ಯಾಪೆಟ್ (ವಾಲ್ವಿನ ಸಂದು), ಆಮೇಲೆ ಪಾಯಿಂಟ್ ಗ್ಯಾಪ್, ಅದಾದ ಮೇಲೆ ಟೈಮಿಂಗ್. ಕಾರ್ಬೊರೇಟರ್ ಕೊನೆಗೆ. ಗ್ಯಾಪಿಗೆ ಮೊದಲು ಟೈಮಿಂಗ್ ಇಡಬೇಡಿ. ಗ್ಯಾಪ್ ಮುಟ್ಟಿದರೆ ಟೈಮಿಂಗ್ ಬದಲಾಗುತ್ತದೆ, ಟೈಮಿಂಗ್ ಮುಟ್ಟಿದರೆ ಗ್ಯಾಪ್ ಬದಲಾಗುವುದಿಲ್ಲ. ಡ್ವೆಲ್ (ಪಾಯಿಂಟ್ ಮುಚ್ಚಿರುವ ಕೋನ) 1 ಡಿಗ್ರಿ ಬದಲಾದರೆ ಟೈಮಿಂಗ್ ಸುಮಾರು 1 ಡಿಗ್ರಿ ಸರಿಯುತ್ತದೆ ಅಂತ ಲೆಕ್ಕ. ಗ್ಯಾಪ್ ಬಹಳಷ್ಟು ಕಾರುಗಳಲ್ಲಿ 0.4 ಮಿ.ಮೀ. ಆಸುಪಾಸಿನಲ್ಲಿರುತ್ತದೆ. ಆದರೂ ನಿಮ್ಮ ಇಂಜಿನ್ನಿನ ಮ್ಯಾನುಯಲ್ ನೋಡಿಯೇ ಇಡಿ. ಹಳೆ ಪಾಯಿಂಟಿನ ಮೈ ಗುಳಿಬಿದ್ದಿದ್ದರೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಸುಳ್ಳು ಹೇಳುತ್ತದೆ, ಡ್ವೆಲ್ ಮೀಟರ್ ವಾಸಿ.

ಟೈಮಿಂಗ್ ಲೈಟ್ (ಕಿಡಿ ಬಿದ್ದಾಗಲೆಲ್ಲ ಮಿನುಗಿ ಇಂಜಿನ್ನಿನ ಟೈಮಿಂಗ್ ಮಾರ್ಕ್ ತೋರಿಸುವ ದೀಪ) ಹಿಡಿಯುವಾಗ ವ್ಯಾಕ್ಯೂಮ್ ಪೈಪ್ ಕಿತ್ತು ಅದರ ಬಾಯಿ ಮುಚ್ಚಿ, ಮ್ಯಾನುಯಲ್ ಬೇರೆ ಹೇಳದಿದ್ದರೆ. ಆರ್‌ಪಿಎಂ ಮ್ಯಾನುಯಲ್ಲಿನಲ್ಲಿ ಬರೆದಷ್ಟೇ ಇರಲಿ. ಡಿಸ್ಟ್ರಿಬ್ಯೂಟರನ್ನು 1 ಡಿಗ್ರಿ ತಿರುಗಿಸಿದರೆ ಕ್ರ್ಯಾಂಕಿನಲ್ಲಿ ಅದು 2 ಡಿಗ್ರಿ, ಆದ್ದರಿಂದ ಮೆಲ್ಲಗೆ. ಆಮೇಲೆ ರೇಸ್ ಮಾಡಿ ನೋಡಿ. ಮಾರ್ಕ್ ನಿಧಾನವಾಗಿ ಸರಿಯಬೇಕು, ಬಿಟ್ಟರೆ ವಾಪಸ್ ಬರಬೇಕು. ಅಲ್ಲಾಡದಿದ್ದರೆ ಡಿಸ್ಟ್ರಿಬ್ಯೂಟರ್ ಒಳಗಿನ, ವೇಗಕ್ಕೆ ತಕ್ಕಂತೆ ಕಿಡಿಯನ್ನು ಮುಂಚೆ ತರುವ ತೂಕಗಳು ಹಿಡಿದುಕೊಂಡಿವೆ. ಐಡ್ಲಿಂಗಿನಲ್ಲೇ ಕುಣಿದಾಡುತ್ತಿದ್ದರೆ ಡಿಸ್ಟ್ರಿಬ್ಯೂಟರಿನ ಬುಷ್ ಸವೆದಿರಬಹುದು. ಇನ್ನೊಂದು ಮಾತು, ಆ ಲೈಟಿನಲ್ಲಿ ತಿರುಗುತ್ತಿರುವ ಫ್ಯಾನ್ ನಿಂತಂತೆ ಕಾಣಬಹುದು. ಕೈ ಹಾಕಿಬಿಟ್ಟೀರಿ.

ಕಪ್ಪು ಪ್ಲಗ್ ಕಂಡ ತಕ್ಷಣ "ರಿಚ್ ಆಗಿದೆ" (ಪೆಟ್ರೋಲ್ ಜಾಸ್ತಿಯಾಗಿದೆ) ಅನ್ನುವವರಿಗೂ ಒಂದು ಮಾತು. ಕಿಡಿ ದುರ್ಬಲವಾಗಿದ್ದರೂ ಪೆಟ್ರೋಲ್ ಪೂರ್ತಿ ಉರಿಯುವುದಿಲ್ಲ, ಪ್ಲಗ್ ಕಪ್ಪಾಗುತ್ತದೆ. ಪಾಯಿಂಟ್ ಸುಡದಂತೆ ಕಾಯುವ ಕಂಡೆನ್ಸರ್ ಕೆಟ್ಟಿದ್ದರೆ ಪಾಯಿಂಟ್ ಸುಟ್ಟಿರುತ್ತದೆ, ಬಿಸಿಯಾದ ಮೇಲೆ ಮಿಸ್ಸಿಂಗ್ ಶುರುವಾಗುತ್ತದೆ. ಅದನ್ನು ಲೀನ್ ಮಾಡಿ (ಪೆಟ್ರೋಲ್ ಕಮ್ಮಿ ಮಾಡಿ) ಗುಣಪಡಿಸಲು ಆಗುವುದಿಲ್ಲ.

ಎಸ್‌ಯು ಕಾರ್ಬೊರೇಟರ್ ಇದ್ದವರು ಮೇಲೆ ಮಿಕ್ಸ್ಚರ್ ಸ್ಕ್ರೂ ಬಗ್ಗೆ ಹೇಳಿದ್ದನ್ನು ಹಾಗೇ ತೆಗೆದುಕೊಳ್ಳಬೇಡಿ. ಅದರ ಜೆಟ್ ನಟ್ ಐಡ್ಲಿಂಗಿಗಷ್ಟೇ ಅಲ್ಲ, ಎಲ್ಲ ವೇಗಕ್ಕೂ ಲೆಕ್ಕ. ಇಂಜಿನ್ ಬಿಸಿಯಾಗಿರುವಾಗ ಕಾರ್ಬೊರೇಟರಿನ ಪಿಸ್ಟನ್ನನ್ನು 1 ಮಿ.ಮೀ.ಗಿಂತ ಕಮ್ಮಿ ಎತ್ತಿ. ವೇಗ ಏರಿ ಅಲ್ಲೇ ನಿಂತರೆ ರಿಚ್, ಕುಸಿದರೆ ಲೀನ್, ಕ್ಷಣಹೊತ್ತು ಏರಿ ಮೊದಲಿನಂತಾದರೆ ಸರಿ.

ಈಚೆಗೆ "ಪಾಯಿಂಟ್ ಕಿತ್ತು ಎಲೆಕ್ಟ್ರಾನಿಕ್ ಕಿಟ್ ಹಾಕಿಬಿಡಲಾ?" ಅಂತ ಕೇಳುವವರು ಜಾಸ್ತಿ. ಹಾಕಿ, ನನ್ನ ತಕರಾರಿಲ್ಲ. ಗ್ಯಾಪ್ ಸವೆಯುವ ಕಾಟ ತಪ್ಪುತ್ತದೆ. ಆದರೆ ಹಿಡಿದುಕೊಂಡ ತೂಕವನ್ನಾಗಲಿ, ಹರಿದ ವ್ಯಾಕ್ಯೂಮ್ ಡಯಾಫ್ರಮ್ ಅನ್ನಾಗಲಿ ಅದು ಸರಿಮಾಡುವುದಿಲ್ಲ. ಡಯಾಫ್ರಮ್ ನೋಡಲು ಪೈಪನ್ನು ಬಾಯಲ್ಲಿ ಎಳೆದು ನಾಲಗೆಯಿಂದ ಮುಚ್ಚಿದರೆ ಸಾಕು. ಡಿಸ್ಟ್ರಿಬ್ಯೂಟರ್ ಒಳಗಿನ ಪ್ಲೇಟ್ ಸರಿದು ಅಲ್ಲೇ ನಿಲ್ಲಬೇಕು. ಕಿಟ್ ಹಾಕಿದ ಮೇಲೂ ಟೈಮಿಂಗ್ ಲೈಟ್ ಹಿಡಿಯಲೇಬೇಕು, ಯಾಕೆಂದರೆ ಅದು ಹಳೆ ಪಾಯಿಂಟ್ ಇದ್ದ ಜಾಗದಲ್ಲೇ ಕಿಡಿ ಕೊಡುವುದು ಅಪರೂಪ.