ಚೀನಾದ ರಾಷ್ಟ್ರಗೀತೆ ಮೊದಲು ಒಂದು ಸಿನಿಮಾ ಹಾಡು

ಮಾಡರ್ನ್ ಚೀನಾ ಓದ್ತಿರೋರಿಗೆ ಈ ನೋಟ್ಸ್. ಇಸವಿಗಳನ್ನ ಉರು ಹೊಡಿಯೋ ಬದಲು ಯಾರನ್ನ ಕಂಡ್ರೆ ಯಾರಿಗೆ ಭಯ ಇತ್ತು ಅಂತ ನೋಡ್ಕೊಂಡು ಹೋಗಿ, ಕಥೆ ತಾನಾಗೇ ತಲೇಲಿ ಕೂರುತ್ತೆ.

1931ರ ಸೆಪ್ಟೆಂಬರ್ 18ರ ರಾತ್ರಿ ಮುಕ್ಡೆನ್ ಹತ್ರ, ಅಂದ್ರೆ ಈಗಿನ ಶೆನ್ಯಾಂಗ್, ಜಪಾನಿ ಸೈನ್ಯದವರು ತಮ್ಮದೇ ರೈಲ್ವೆ ಹಳಿ ಪಕ್ಕ ಬಾಂಬ್ ಸಿಡಿಸಿ, ಚೀನಾದವರು ಮಾಡಿದ್ದು ಅಂತ ನೆಪ ತೆಗೆದು ಈಶಾನ್ಯ ಚೀನಾದ ಮಂಚೂರಿಯಾನೇ ನುಂಗಿಬಿಟ್ರು. ಆಗ ಚೀನಾ ಆಳ್ತಿದ್ದ ಚಿಯಾಂಗ್ ಕೈ ಶೆಕ್ ಸರ್ಕಾರಕ್ಕೆ ಮೊದಲು ಕಮ್ಯುನಿಸ್ಟರನ್ನ ಮುಗಿಸ್ಬೇಕು, ಜಪಾನ್ ವಿಷಯ ಆಮೇಲೆ. ಹಾಗಾಗಿ ಅಲ್ಲಿನ ರೈತರು, ಚದುರಿಹೋಗಿದ್ದ ಸೈನಿಕರು ತಾವೇ ಸ್ವಯಂಸೇವಕ ಪಡೆ ಕಟ್ಕೊಂಡು ಹೊಡೆದಾಡಿದ್ರು. 'ಸ್ವಯಂಸೇವಕರ ಮಾರ್ಚ್' ಅನ್ನೋ ಹಾಡು, ಅಂದ್ರೆ ಈಗಿನ ರಾಷ್ಟ್ರಗೀತೆ, ಇವರ ಮೇಲೇ.

1935ರಲ್ಲಿ ಶಾಂಘೈನಲ್ಲಿ ತಯಾರಾದ ಒಂದು ಸಿನಿಮಾಗೆ ಇದನ್ನ ಬರೆದೋರು ತಿಯಾನ್ ಹಾನ್, ಕಮ್ಯುನಿಸ್ಟ್ ನಾಟಕಕಾರ. ಅದೇ ವರ್ಷ ಫೆಬ್ರವರೀಲಿ ಅವರನ್ನ ಪೊಲೀಸ್ರು ಹಿಡ್ಕೊಂಡು ಹೋದ್ರು. ಟ್ಯೂನ್ ಹಾಕಿದ ನಿಯೆ ಅರ್‌ಗೆ ಆಗಿನ್ನೂ 23, ಅವನನ್ನೂ ಹಿಡೀತಾರೆ ಅನ್ನೋ ಸುದ್ದಿ ಬಂದಿದ್ದೇ ಏಪ್ರಿಲ್‌ನಲ್ಲಿ ಹಡಗು ಹತ್ತಿ ಹೋಗಿದ್ದೆಲ್ಲಿಗೆ ಗೊತ್ತಾ, ಜಪಾನಿಗೆ! ಜಪಾನ್ ವಿರುದ್ಧದ ಹಾಡನ್ನ ಜಪಾನಲ್ಲೇ ಕೂತು ಮುಗಿಸಿ ಶಾಂಘೈಗೆ ಕಳಿಸ್ದ. ಸಿನಿಮಾ ಮೇ ತಿಂಗಳಲ್ಲಿ ಬಂತು, ಜುಲೈ 17ಕ್ಕೆ ಹುಡುಗ ಕುಗೆನುಮಾ ಬೀಚಲ್ಲಿ ಈಜೋಕೆ ಹೋಗಿ ಮುಳುಗಿ ಸತ್ತ.

ಹಾಡನ್ನ ಒಂದ್ಸಲ ಕೇಳಿ. ಶುರುವಲ್ಲೇ ಸೈನ್ಯದ ಕಹಳೆ ಥರ ಬರುತ್ತೆ, ಆಮೇಲೆ ಮೂರು ಸಲ 'ಎದ್ದೇಳಿ' ಅನ್ನೋ ಕಡೆ ಪ್ರತಿ ಸಲಾನೂ ಸ್ವರ ಮೇಲಕ್ಕೆ ಹತ್ತುತ್ತೆ, ನಡೀತಾ ನಡೀತಾ ಗುಂಪಲ್ಲಿ ಕೂಗೋಕೆ ಅಂತಾನೇ ಮಾಡಿದ್ದು. 1940ರಲ್ಲಿ ಅಮೆರಿಕದ ಗಾಯಕ ಪಾಲ್ ರಾಬ್ಸನ್ ನ್ಯೂಯಾರ್ಕ್‌ನಲ್ಲಿ ಇದನ್ನ ಚೀನೀ ಭಾಷೇಲೇ ಹಾಡಿದ್ರು, ಮುಂದಿನ ವರ್ಷ ರೆಕಾರ್ಡೂ ಬಂತು.

ಕಮ್ಯುನಿಸ್ಟರು ಚಿಯಾಂಗ್ ಕಡೆಯವರನ್ನ ಸೋಲಿಸಿ ಹೊಸ ಸರ್ಕಾರ ಕಟ್ತಿದ್ದಾಗ, 1949ರ ಸೆಪ್ಟೆಂಬರ್ 27ಕ್ಕೆ ಇದನ್ನ ತಾತ್ಕಾಲಿಕ ರಾಷ್ಟ್ರಗೀತೆ ಅಂತ ಒಪ್ಕೊಂಡ್ರು. ಆಗ ಒಂದು ತಕರಾರು ಎದ್ದಿತ್ತು: ಹಾಡಲ್ಲಿ 'ಜನ ಅತ್ಯಂತ ಅಪಾಯದಲ್ಲಿದ್ದಾರೆ' ಅಂತ ಸಾಲಿದೆ, ನಾವೀಗ ಗೆದ್ದಿದೀವಲ್ಲ, ಬದಲಾಯಿಸೋಣ್ವಾ ಅಂತ. ಬೇಡ, ಹಾಗೇ ಇರಲಿ ಅಂದೋರಲ್ಲಿ ಕಮ್ಯುನಿಸ್ಟ್ ನಾಯಕ ಚೌ ಎನ್‌ಲಾಯ್ ಒಬ್ಬರು.

ಇನ್ನು ಪಠ್ಯಪುಸ್ತಕಗಳು ಬೇಗ ದಾಟಿಸ್ಬಿಡೋ ಭಾಗ. 1966ರಲ್ಲಿ ಮಾವೋ ಶುರು ಮಾಡಿದ ಸಾಂಸ್ಕೃತಿಕ ಕ್ರಾಂತಿ, ಅಂದ್ರೆ 'ಕ್ರಾಂತಿ ವಿರೋಧಿಗಳು' ಅಂತ ಹೆಸರಿಟ್ಟು ಜನರನ್ನ ಬೇಟೆಯಾಡಿದ ಟೈಮಲ್ಲಿ ತಿಯಾನ್ ಹಾನ್ ಮತ್ತೆ ಜೈಲಿಗೆ, ಈ ಸಲ ತಮ್ಮದೇ ಪಾರ್ಟಿ ಸರ್ಕಾರದ ಕೈಲಿ. 1968ರ ಡಿಸೆಂಬರ್ 10ಕ್ಕೆ ಬಂಧನದಲ್ಲೇ ತೀರ್ಕೊಂಡ್ರು. ಅವರ ಸಾಹಿತ್ಯ ಹಾಡೋ ಹಾಗಿಲ್ಲ, ಆದ್ರೆ ರಾಷ್ಟ್ರಗೀತೆ ಬಿಡೋಕೂ ಆಗಲ್ಲ, ಅದಕ್ಕೆ ಬರೀ ಟ್ಯೂನ್ ನುಡಿಸ್ತಿದ್ರು! 1978ರಲ್ಲಿ ಮಾವೋ ಹೆಸರು ಸೇರಿಸಿ ಹೊಸ ಸಾಹಿತ್ಯ ತಂದ್ರು, ಅದೂ ಜಾಸ್ತಿ ದಿನ ಬಾಳಲಿಲ್ಲ. 1982ರ ಡಿಸೆಂಬರ್ 4ಕ್ಕೆ ತಿಯಾನ್ ಹಾನ್ ಸಾಲುಗಳೇ ವಾಪಸ್ ಬಂದ್ವು, ಸಂವಿಧಾನದಲ್ಲಿ ಜಾಗ ಸಿಕ್ಕಿದ್ದು ಮಾತ್ರ 2004ರಲ್ಲಿ.